ಅಷ್ಟು ಒಳ್ಳೆಯ ಟಿವಿ ಕಾರ್ಯಕ್ರಮ ಮಾಡಿದ ಅಮೆರಿಕದ ಎಂಟಿಎಂ ಕಂಪನಿಯೇ ಮುಳುಗಿತು. ಹಾಗಿರುವಾಗ ಹಳೆಯ ಟಿವಿ ಪ್ರೊಡಕ್ಷನ್ ಕಂಪನಿಯೊಂದನ್ನು ನಾನು ಕೊಳ್ಳಬಹುದೇ?

ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ ಮುಚ್ಚುವ ಹಂತಕ್ಕೆ ಬಂದಿರುವ ಸಣ್ಣ ಕಂಪನಿ, ಅದರ ಜೊತೆ ಬರುವ ಹಳೆಯ ಕಾರ್ಯಕ್ರಮಗಳ ಲೈಬ್ರರಿ, ಸ್ನೇಹಿತರ ದುಡ್ಡು, ಮೇಲೊಂದಿಷ್ಟು ಬ್ಯಾಂಕ್ ಸಾಲ. ನೀವು ಬರೆದಿರುವುದು ನನ್ನದೇ ಕಥೆ ಸ್ವಾಮಿ. ಇದೇ ಊರಲ್ಲಿ, ಇದೇ ವ್ಯಾಪಾರದಲ್ಲಿ ನಾನು ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಾಸ್ ಏಂಜಲೀಸ್‌ನಲ್ಲಿ ಪ್ರೊಡಕ್ಷನ್ ಅಕೌಂಟೆಂಟ್ ಆಗಿದ್ದೆ. ಶೂಟಿಂಗ್‌ನ ಖರ್ಚು ಬರೆಯುವುದು, ವಾರಕ್ಕೊಮ್ಮೆ ಬಜೆಟ್ ಎಷ್ಟು ಮೀರಿದೆ ಅಂತ ಹೇಳಿ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಅಲ್ಲೇ ಪರಿಚಯವಾದ ಇಬ್ಬರ ಜೊತೆ ಸೇರಿ ಕೇಬಲ್ ಚಾನೆಲ್‌ಗಳಿಗೆ ಪ್ರವಾಸ ಮತ್ತು ಅಡುಗೆ ಕಾರ್ಯಕ್ರಮ ಮಾಡುತ್ತಿದ್ದ ಕಂಪನಿಯೊಂದನ್ನು ಕೊಂಡೆ. ಬ್ಯಾಂಕಿನವರನ್ನು ಒಪ್ಪಿಸಲು ನಮ್ಮ ಪಾಲುದಾರ ಬಳಸಿದ್ದು ಇದೇ ಎಂಟಿಎಂ ಹೆಸರನ್ನು. 'ಇಂಗ್ಲೆಂಡಿನವರು ಆ ಲೈಬ್ರರಿಗೆ 32 ಕೋಟಿ ಡಾಲರ್ ಕೊಟ್ಟರು, ನಾವು ಕೇಳುತ್ತಿರುವುದು ಚಿಲ್ಲರೆ' ಅಂತ. ಆ ಇಂಗ್ಲೆಂಡಿನವರ ಗತಿ ಏನಾಯಿತು ಅಂತ ಬ್ಯಾಂಕಿನವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅದನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ 'ಒಳ್ಳೆಯದು ಮಾಡಿಯೂ ಮುಳುಗಿತು' ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪಲ್ಲ.

ಎಂಟಿಎಂ ಅಂದರೆ ನಟಿ ಮೇರಿ ಟೈಲರ್ ಮೂರ್ ಹೆಸರಿನ ಮೊದಲಕ್ಷರಗಳು. ಆಕೆಯೂ ಗಂಡ ಗ್ರಾಂಟ್ ಟಿಂಕರ್ ಕೂಡ ಸೇರಿ ಕಟ್ಟಿದ ಕಂಪನಿ. 1970ರಲ್ಲಿ ಸಿಬಿಎಸ್ ಚಾನೆಲ್‌ನಲ್ಲಿ ಆಕೆಯ ಹೆಸರಿನದೇ ಹಾಸ್ಯ ಧಾರಾವಾಹಿ ಶುರುವಾಯಿತು. ಸಿನಿಮಾ ಕಂಪನಿ ಎಂಜಿಎಂನ ಸಿಂಹ ಗರ್ಜಿಸುತ್ತಿತ್ತಲ್ಲ, ಇವರು ಅದೇ ಚೌಕಟ್ಟಿನಲ್ಲಿ ಮಿಮ್ಸಿ ಅನ್ನುವ ಬೆಕ್ಕಿನಮರಿ ಕೂರಿಸಿ ಮಿಯಾಂವ್ ಅನ್ನಿಸಿದರು. ಟಿಂಕರ್ ಮಾಡಿದ ದೊಡ್ಡ ಕೆಲಸ ಒಂದೇ. ಒಳ್ಳೆಯ ಬರಹಗಾರರನ್ನು ಹಿಡಿದು ತಂದು, ಚಾನೆಲ್‌ನವರ ಕಾಟ ಅವರಿಗೆ ತಟ್ಟದಂತೆ ನಡುವೆ ನಿಂತಿದ್ದು. ಶುರುವಿನಲ್ಲೇ ಸಿಬಿಎಸ್‌ನವರು ಆ ಧಾರಾವಾಹಿಯ ಬರಹಗಾರರಾದ ಜೇಮ್ಸ್ ಬ್ರೂಕ್ಸ್, ಅಲನ್ ಬರ್ನ್ಸ್ ಇಬ್ಬರನ್ನೂ ತೆಗೆದುಹಾಕು ಅಂದಾಗ ಅವನು ಒಪ್ಪಲಿಲ್ಲ. ಆ ಧಾರಾವಾಹಿ ಏಳು ವರ್ಷ ಓಡಿ ಅಮೆರಿಕದ ಟಿವಿಯವರ ದೊಡ್ಡ ಪ್ರಶಸ್ತಿಯಾದ ಎಮ್ಮಿಯನ್ನು 29 ಸಲ ತಂದಿತು. ಆಮೇಲೆ ಬಾಬ್ ನ್ಯೂಹಾರ್ಟ್ ಹಾಸ್ಯ, ಲೂ ಗ್ರಾಂಟ್, 1981ರಲ್ಲಿ ಹಿಲ್ ಸ್ಟ್ರೀಟ್ ಬ್ಲೂಸ್, 1982ರಲ್ಲಿ ಸೇಂಟ್ ಎಲ್ಸ್‌ವೇರ್. ಪೊಲೀಸ್ ಠಾಣೆಯ ಕಥೆ, ಆಸ್ಪತ್ರೆಯ ಕಥೆ ಇವತ್ತು ಹೇಗಿರುತ್ತವೋ ಆ ರೂಪ ಬಂದಿದ್ದರಲ್ಲಿ ಇವೆರಡರ ಪಾಲು ಜಾಸ್ತಿ.

ಈಗ ದುಡ್ಡಿನ ವಿಷಯ. ನಮ್ಮ ಕನ್ನಡ ಚಾನೆಲ್‌ಗಳಲ್ಲಿ ಸಾಮಾನ್ಯವಾಗಿ ಧಾರಾವಾಹಿಯ ಪೂರ್ತಿ ಹಕ್ಕು ಚಾನೆಲ್‌ನದು, ಪ್ರೊಡ್ಯೂಸರ್‌ಗೆ ಕಂತಿಗಿಷ್ಟು ಅಂತ ಕೊಟ್ಟು ಮುಗಿಸುತ್ತಾರೆ ಅಲ್ವಾ? ಅಮೆರಿಕದಲ್ಲಿ ಆಗ ಉಲ್ಟಾ ಇತ್ತು. ಹೊರಗಿನವರು ಮಾಡಿದ ಕಾರ್ಯಕ್ರಮಗಳ ಮರುಮಾರಾಟದಲ್ಲಿ ದೊಡ್ಡ ಚಾನೆಲ್‌ಗಳು ಪಾಲು ಇಟ್ಟುಕೊಳ್ಳಬಾರದು ಅಂತ 1970ರಲ್ಲಿ ಪ್ರಸಾರ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ನಿಯಮ ತಂದಿತ್ತು. ಚಾನೆಲ್ ಒಂದೆರಡು ಪ್ರಸಾರಕ್ಕೆ ಶುಲ್ಕ ಕೊಡುತ್ತಿತ್ತು. ಮಾಡುವ ಖರ್ಚು ಅದಕ್ಕಿಂತ ಜಾಸ್ತಿ. ಕೊರತೆ ಬಿದ್ದಿದ್ದನ್ನು ಪ್ರೊಡಕ್ಷನ್ ಕಂಪನಿ ಸಾಲ ತಂದು ತುಂಬಬೇಕಿತ್ತು. ನಾಲ್ಕೈದು ವರ್ಷ ಓಡಿ ನೂರರ ಹತ್ತಿರ ಕಂತುಗಳಾದ ಮೇಲೆ ಊರೂರಿನ ಟಿವಿ ಸ್ಟೇಷನ್‌ಗಳಿಗೆ ಮರುಪ್ರಸಾರಕ್ಕೆ ಮಾರಬೇಕಿತ್ತು. ಇದೇ ಸಿಂಡಿಕೇಷನ್. ಲಾಭವೆಲ್ಲ ಬರುತ್ತಿದ್ದದ್ದು ಅಲ್ಲಿ.

ಸ್ಟೇಷನ್‌ನವರು ಎಮ್ಮಿ ನೋಡಿ ಕೊಳ್ಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದು ಸಂಜೆ ಹೊತ್ತು ದಿನಾ ಹಾಕಬಹುದಾದ ಅರ್ಧ ಗಂಟೆಯ ಹಾಸ್ಯ. ಯಾವ ಕಂತಿನಿಂದ ನೋಡಿದರೂ ಅರ್ಥವಾಗಬೇಕು. ಹಿಲ್ ಸ್ಟ್ರೀಟ್ ಬ್ಲೂಸ್ ಒಂದು ಗಂಟೆಯದು, ಹತ್ತಾರು ಪಾತ್ರ, ಕಥೆ ಕಂತಿನಿಂದ ಕಂತಿಗೆ ಮುಂದುವರಿಯುತ್ತದೆ. ಮೊದಲ ಸಲ ಜನ ಮೆಚ್ಚಿದ್ದು ಅದಕ್ಕೇ, ಎರಡನೇ ಸಲ ಮಾರಲು ಕಷ್ಟವಾಗಿದ್ದೂ ಅದಕ್ಕೇ. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಒಂದು ಗಂಟೆಯ ಧಾರಾವಾಹಿಗಳ ಮರುಪ್ರಸಾರದ ಬೆಲೆ ಬಿದ್ದುಹೋಯಿತು. ಖರ್ಚಿನ ಜಗಳದಲ್ಲಿ 1985ರಲ್ಲಿ ಎಂಟಿಎಂ ಹಿಲ್ ಸ್ಟ್ರೀಟ್‌ನ ಕರ್ತೃ ಸ್ಟೀವನ್ ಬೋಚ್ಕೊನನ್ನೇ ಹೊರಗೆ ಕಳಿಸಿತು. ಟಿಂಕರ್ ಅಷ್ಟರಲ್ಲಾಗಲೇ ಇರಲಿಲ್ಲ. 1981ರಲ್ಲೇ ಎನ್‌ಬಿಸಿ ಚಾನೆಲ್‌ನ ಮುಖ್ಯಸ್ಥನಾಗಿ ಹೋಗಿದ್ದ. ಗಂಡ ಹೆಂಡತಿಯೂ ಅದೇ ವರ್ಷ ಬೇರೆಯಾದರು.

ಇಂಥ ಹೊತ್ತಲ್ಲಿ, 1988ರಲ್ಲಿ, ಬ್ರಿಟನ್ನಿನ ಖಾಸಗಿ ಚಾನೆಲ್ ಐಟಿವಿಯನ್ನು ದಕ್ಷಿಣ ಇಂಗ್ಲೆಂಡಿನಲ್ಲಿ ನಡೆಸುತ್ತಿದ್ದ ಟಿವಿಎಸ್ ಅನ್ನುವ ಕಂಪನಿ 32 ಕೋಟಿ ಡಾಲರ್ ಸುರಿದು ಎಂಟಿಎಂ ಕೊಂಡಿತು. ಕೊಂಡಿದ್ದು ಹೆಸರನ್ನು, ಪ್ರಶಸ್ತಿಗಳನ್ನು. ಮರುಪ್ರಸಾರದ ದುಡ್ಡು ಅಂದುಕೊಂಡಷ್ಟು ಬರಲೇ ಇಲ್ಲ. 1991ರಲ್ಲಿ ಬ್ರಿಟನ್ ಸರ್ಕಾರ ಐಟಿವಿ ಪ್ರಸಾರದ ಹಕ್ಕುಗಳನ್ನು ಹರಾಜಿಗಿಟ್ಟಿತು. ಟಿವಿಎಸ್ ತನ್ನ ಪ್ರದೇಶದ ಹಕ್ಕು ಉಳಿಸಿಕೊಳ್ಳಲು ವರ್ಷಕ್ಕೆ 5.98 ಕೋಟಿ ಪೌಂಡ್ ಕೂಗಿತು. ಎದುರಾಳಿ ಮೆರಿಡಿಯನ್ ಕೂಗಿದ್ದು 3.65 ಕೋಟಿ. ಜಾಸ್ತಿ ಕೂಗಿದವನು ಗೆಲ್ಲಬೇಕಲ್ಲ? 'ಅಷ್ಟು ದುಡ್ಡು ಕಟ್ಟಿಕೊಂಡು ನೀವು ನಡೆಸಲಾರಿರಿ' ಅಂತ ಹರಾಜು ನಡೆಸಿದವರು ಟಿವಿಎಸ್ ಅರ್ಜಿಯನ್ನೇ ತಳ್ಳಿಹಾಕಿದರು. 1992ರ ಕೊನೆಯ ರಾತ್ರಿ ಟಿವಿಎಸ್ ಪ್ರಸಾರ ನಿಂತಿತು. ಮರು ವರ್ಷ ಅಮೆರಿಕದ ಪಾದ್ರಿ ಪ್ಯಾಟ್ ರಾಬರ್ಟ್‌ಸನ್ ಕುಟುಂಬದ ಕಂಪನಿ, ಎಂಟಿಎಂ ಸಮೇತ ಇಡೀ ಟಿವಿಎಸ್ಸನ್ನು ಆರು ಕೋಟಿ ಪೌಂಡ್‌ಗೂ ಕಡಿಮೆಗೆ ಎತ್ತಿಕೊಂಡಿತು. 1997ರಲ್ಲಿ ಆ ಕಂಪನಿಯೇ ಫಾಕ್ಸ್ ಪಾಲಾಯಿತು. ಎಂಟಿಎಂ ಹೆಸರು ಅಲ್ಲಿಗೆ ಮುಗಿಯಿತು. 2019ರಿಂದ ಆ ಧಾರಾವಾಹಿಗಳು ಡಿಸ್ನಿಯ ಗೋದಾಮಿನಲ್ಲಿವೆ.

ಈಗ ಹೇಳಿ, ಮುಳುಗಿಸಿದ್ದು ಗುಣಮಟ್ಟವಾ? ತಪ್ಪು ಬೆಲೆಗೆ ಕೊಂಡವನ ಸಾಲವಾ?

ನಮ್ಮದೂ ಬೆಲೆಯ ತಪ್ಪೇ, ಆದರೆ ಬೇರೆ ಜಾಗದಲ್ಲಿ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ. ಬೇಸರವಾದರೂ ಓದಿ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಈ ವಿಷಯದ ಸುಳಿವೇ ಇಲ್ಲ.

ಮಾರುವವರು ಕೊಟ್ಟ ಪಟ್ಟಿಯಲ್ಲಿ ಪ್ರತಿ ಕಾರ್ಯಕ್ರಮದ ಮುಂದೆ 'ಎಲ್ಲ ಹಕ್ಕು ಕಂಪನಿಯದು' ಅಂತ ಇತ್ತು. ಸುಳ್ಳಲ್ಲ. ಚಿತ್ರ ಅವರದೇ. ಆದರೆ ಆ ಪ್ರವಾಸದ ಕಾರ್ಯಕ್ರಮಗಳ ತುಂಬ ಹಾಡುಗಳು. ಬೀಚ್ ಬಂದರೆ ಒಂದು ಹಾಡು, ಹೆದ್ದಾರಿ ಬಂದರೆ ಇನ್ನೊಂದು. ಒಂದು ಹಾಡಿಗೆ ಎರಡು ಅನುಮತಿ ಬೇಕು. ಹಾಡು ಬರೆದವರ ಪರವಾಗಿ ಪಬ್ಲಿಷರ್‌ದು ಒಂದು, ಆ ಧ್ವನಿಮುದ್ರಣದ ಒಡೆಯನಾದ ರೆಕಾರ್ಡ್ ಕಂಪನಿಯದು ಇನ್ನೊಂದು. ಪ್ರತಿಯೊಂದರಲ್ಲೂ ಯಾವ ದೇಶಕ್ಕೆ, ಯಾವ ಮಾಧ್ಯಮಕ್ಕೆ, ಎಷ್ಟು ವರ್ಷಕ್ಕೆ ಅಂತ ಬರೆದಿರುತ್ತದೆ. ಹಳೆಯ ಕಂಪನಿಯವರು ದುಡ್ಡು ಉಳಿಸಲು ತೆಗೆದುಕೊಂಡಿದ್ದು ಅಮೆರಿಕಕ್ಕೆ ಮಾತ್ರ, ಕೇಬಲ್‌ಗೆ ಮಾತ್ರ, ಐದು ವರ್ಷಕ್ಕೆ ಮಾತ್ರ. ನಾವು ಕೊಳ್ಳುವ ಹೊತ್ತಿಗೆ ಬಹುಪಾಲು ಅವಧಿ ಮುಗಿದಿತ್ತು. ನಾವೋ ವಿದೇಶಿ ಚಾನೆಲ್, ಡಿವಿಡಿ ಅಂತ ಲೆಕ್ಕ ಹಾಕಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಸಾಲದ ಕಂತನ್ನೂ ಆ ದುಡ್ಡಿಗೇ ಹೊಂದಿಸಿ ಕೂತಿದ್ದೆವು.

ಹೊಸದಾಗಿ ಅನುಮತಿ ಕೇಳಿದರೆ, ಅವರು ಹೇಳಿದ ರೇಟು ನಮಗೆ ಆ ಕಂತಿನಿಂದ ಬರುವುದಕ್ಕಿಂತ ಜಾಸ್ತಿ. ಸರಿ, ಹಾಡು ತೆಗೆದು ಬೇರೆ ಸಂಗೀತ ಹಾಕೋಣ ಅಂದೆವು. ಅಲ್ಲೇ ನಿಜವಾದ ಏಟು ಬಿದ್ದಿದ್ದು. ಮಾತು, ಸಂಗೀತ, ಹಿನ್ನೆಲೆ ಸದ್ದು ಮೂರೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿದ್ದರೆ ಸಂಗೀತ ಮಾತ್ರ ತೆಗೆಯಬಹುದು. ನಮಗೆ ಸಿಕ್ಕ ಟೇಪುಗಳಲ್ಲಿ ಎಲ್ಲ ಒಟ್ಟಿಗೆ ಬೆರೆತ ಕೊನೆಯ ಪ್ರತಿ ಮಾತ್ರ ಇತ್ತು. ಹಾಡು ತೆಗೆದರೆ ನಿರೂಪಕಿಯ ಮಾತೂ ಹೋಗುತ್ತದೆ. ಮತ್ತೆ ಮಾತಾಡಿಸೋಣ ಅಂದರೆ ಆಕೆಯ ಒಪ್ಪಂದ ಮುಗಿದಿತ್ತು, ಬರಲು ಮನಸ್ಸೂ ಇರಲಿಲ್ಲ. ಖರ್ಚಿನ ಒಂದೊಂದು ಕಾಸೂ ಲೆಕ್ಕ ಇಡುವ ಅಕೌಂಟೆಂಟ್ ನಾನು. ಕೊಳ್ಳುವ ಮುಂಚೆ ಆ ಕಂಪನಿಯ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ತಿರುವಿದ್ದೆ. ಮ್ಯೂಸಿಕ್ ಲೈಸೆನ್ಸಿನ ಡಬ್ಬ ಮಾತ್ರ ತೆರೆದಿರಲಿಲ್ಲ. ಅದು ವಕೀಲರ ಕೆಲಸ ಅಂದುಕೊಂಡೆ. ವಕೀಲರು ಅದು ಪ್ರೊಡಕ್ಷನ್‌ನವರ ಕೆಲಸ ಅಂದುಕೊಂಡಿದ್ದರು.

ತಮಾಷೆ ಅಂದರೆ ಇದರ ಪಾಠವೂ ಎಂಟಿಎಂ ಲೈಬ್ರರಿಯಲ್ಲೇ ಇತ್ತು. ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ ಅಂತ ಅವರದೊಂದು ಹಾಸ್ಯ, 1978ರಿಂದ 82ರವರೆಗೆ ಬಂದಿದ್ದು. ರೇಡಿಯೋ ಸ್ಟೇಷನ್ನಿನ ಕಥೆ, ಹಾಗಾಗಿ ನಿಜವಾದ ರಾಕ್ ಹಾಡುಗಳೇ ಅದರ ಜೀವ. ಮೊದಲ ಪ್ರಸಾರದಲ್ಲಿ ಅಂಥ ಹೆಸರು ಮಾಡದಿದ್ದರೂ ಮರುಪ್ರಸಾರದಲ್ಲಿ ಚೆನ್ನಾಗಿ ಓಡಿತು. ಆಮೇಲೆ ಹಾಡುಗಳ ಲೈಸೆನ್ಸ್ ಮುಗಿಯಿತು. ಪಿಂಕ್ ಫ್ಲಾಯ್ಡ್ ಇದ್ದ ಕಡೆ ಯಾವುದೋ ಹೆಸರಿಲ್ಲದ ಸಂಗೀತ ತುಂಬಿದರು, ಹಾಡಿನ ಮೇಲೆ ಮಾತಿದ್ದ ಕೆಲವು ಕಡೆ ಬೇರೆಯವರಿಂದ ಡಬ್ ಮಾಡಿಸಿದರು. 2007ರಲ್ಲಿ ಮೊದಲ ಸೀಸನ್ ಡಿವಿಡಿ ಬಂದಾಗ ಅಭಿಮಾನಿಗಳು ಉಗಿದಿದ್ದೇ ಉಗಿದಿದ್ದು. ಬೇರೊಂದು ಕಂಪನಿ ಬಹಳಷ್ಟು ಹಾಡುಗಳನ್ನು ಮತ್ತೆ ಕೊಂಡು ಪೂರ್ತಿ ಧಾರಾವಾಹಿ ಬಿಡುವ ಹೊತ್ತಿಗೆ 2014 ಆಗಿತ್ತು. ಫಾಕ್ಸ್‌ನಂಥವರಿಗೇ ಹೀಗಾದರೆ ನಾನು ನೀವು ಯಾವ ಲೆಕ್ಕ?

ನಮ್ಮ ಕಂಪನಿಯನ್ನು ಕೊನೆಗೆ ಅಡುಗೆ ಕಾರ್ಯಕ್ರಮಗಳ ಬೆಲೆಗೆ ಮಾತ್ರ ಮಾರಿದೆವು. ಅವುಗಳಲ್ಲಿ ಹಾಡು ಕಡಿಮೆ ಇತ್ತು, ಅದಕ್ಕೇ ಗಿರಾಕಿ ಸಿಕ್ಕಿತು. ನಾವು ಬೀಗುತ್ತಿದ್ದ ಪ್ರವಾಸದ ಟೇಪುಗಳನ್ನು ಪುಕ್ಕಟೆ ಕೊಟ್ಟರೂ ಎಲ್ಲರೂ ಬೇಡ ಅಂದರು.

ನೀವು ಬಾಡಿಗೆ ಆಫೀಸು ಇಟ್ಟುಕೊಳ್ಳಬೇಕೋ ಬೇಡವೋ, ಇರುವ ನೌಕರರನ್ನು ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಅದೆಲ್ಲ ಆಮೇಲೆ. ಮಾರುವವರು ಈಗ ನಿಮಗೆ ಪ್ರಶಸ್ತಿಯ ಫಲಕ, ಹಳೆಯ ರೇಟಿಂಗ್ ತೋರಿಸುತ್ತಿರುತ್ತಾರೆ. ಸುಮ್ನೆ ತಲೆಯಾಡಿಸಿ. ಆಮೇಲೆ ಪ್ರತಿ ಕಂತಿನ ಮ್ಯೂಸಿಕ್ ಕ್ಯೂ ಶೀಟ್ (ಯಾವ ಹಾಡು ಎಲ್ಲಿ, ಎಷ್ಟು ಹೊತ್ತು ಬಂದಿದೆ ಅನ್ನುವ ಪಟ್ಟಿ), ಪ್ರತಿ ಹಾಡಿನ ಎರಡೂ ಲೈಸೆನ್ಸ್, ನಿರೂಪಕರ ಒಪ್ಪಂದ, ಬೇರೆಯವರಿಂದ ತಂದ ಫೂಟೇಜಿನ ಕಾಗದ ಕೇಳಿ. ಮಾತು, ಸಂಗೀತ ಬೇರೆ ಬೇರೆ ಇರುವ ಟ್ರ್ಯಾಕ್‌ಗಳು ಇವೆಯಾ ಅಂತ ಕೇಳಿ, ಒಂದೆರಡನ್ನು ಹಾಕಿಸಿ ಕೇಳಿಸಿಕೊಳ್ಳಿ. ಸ್ಟ್ರೀಮಿಂಗ್‌ಗೆ ಹಕ್ಕಿರುವ ಕಂತುಗಳನ್ನು ಮಾತ್ರ ಎಣಿಸಿ, ಉಳಿದಿದ್ದಕ್ಕೆ ಸೊನ್ನೆ ಹಾಕಿ. ಆ ಕಂತುಗಳಿಗೆ ಡಿಸ್ಟ್ರಿಬ್ಯೂಟರ್ ಒಬ್ಬರು ಇವತ್ತು ಕಾಗದದ ಮೇಲೆ ಬರೆದುಕೊಡುವ ಬೆಲೆ ಎಷ್ಟೋ ಅಷ್ಟೇ ನಿಮ್ಮ ಲೈಬ್ರರಿ. ಅದಕ್ಕಿಂತ ಜಾಸ್ತಿ ಸಾಲ ಮಾಡಬೇಡಿ, ಸ್ನೇಹಿತರ ದುಡ್ಡಂತೂ ಹಾಕಿಸಲೇಬೇಡಿ. ನನ್ನ ಇಬ್ಬರು ಪಾಲುದಾರರಲ್ಲಿ ಒಬ್ಬ ಇವತ್ತಿಗೂ ನನ್ನ ಫೋನ್ ಎತ್ತಲ್ಲ.

ಕ್ಯೂ ಶೀಟ್ ಕೇಳಿದ ತಕ್ಷಣ ಅವರು 'ಅದೆಲ್ಲ ಸ್ಟೋರೇಜ್‌ನಲ್ಲಿದೆ, ಒಪ್ಪಂದ ಆದಮೇಲೆ ಕೊಡುತ್ತೇವೆ' ಅಂದರೆ ಅಲ್ಲಿಂದ ಎದ್ದು ಬನ್ನಿ. ಬರ್ಬ್ಯಾಂಕ್‌ನಲ್ಲಿ ಮುಚ್ಚುತ್ತಿರುವ ಕಂಪನಿಗಳಿಗೆ ಯಾವತ್ತೂ ಬರ ಇಲ್ಲ.