ಬ್ರಂಚ್‌ಗೆ ಕರೆದರೆ ಅಮ್ಮನಿಗೆ ಜ್ವರ

ಪ್ರಶ್ನೆ: ನನಗೆ 28 ವರ್ಷ. ಮಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೈಗೆ 26,000 ರೂಪಾಯಿ ಬರುತ್ತದೆ. ಮನೆ ಸಾಲದ ಕಂತು, ತಮ್ಮನ ಕಾಲೇಜು ಫೀಸು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಡಿಗ್ರಿಯಲ್ಲಿ ಒಟ್ಟಿಗಿದ್ದ ನಾವು ಐದು ಜನ ಗೆಳತಿಯರು. ಮೊದಲೆಲ್ಲ ಭಾನುವಾರ ಬಂತೆಂದರೆ ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ತಣ್ಣೀರುಬಾವಿ ಕಡಲತೀರಕ್ಕೆ ಹೋಗುತ್ತಿದ್ದೆವು, ಚುರುಮುರಿ ತಿಂದು ಸೂರ್ಯ ಮುಳುಗುವವರೆಗೆ ಕೂರುತ್ತಿದ್ದೆವು. ಒಬ್ಬಳ ಅಜ್ಜಿಮನೆ ಫಲ್ಗುಣಿ ಹೊಳೆ ಬದಿಯಲ್ಲಿದೆ. ಅಲ್ಲಿ ಗಾಳ ಹಾಕುತ್ತಿದ್ದೆವು. ನನಗೆ ಅಪ್ಪ ಕಲಿಸಿದ್ದರು, ಹಾಗಾಗಿ ಗಾಳಕ್ಕೆ ಸಿಗಡಿ ಸಿಕ್ಕಿಸಿ ಕೊಡುವವಳು ಯಾವಾಗಲೂ ನಾನೇ.

ಇಬ್ಬರು ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡಲು ಊರಿಗೆ ವಾಪಸ್ ಬಂದ ಮೇಲೆ ಎಲ್ಲ ಬದಲಾಯಿತು. ಈಗ ಮಲ್ಟಿಪ್ಲೆಕ್ಸ್, ಕೆಫೆ, ಭಾನುವಾರದ ಬ್ರಂಚ್. ಒಂದು ಸಲ ತಲಾ 1,400 ರೂಪಾಯಿ ಬಿತ್ತು. ನಾನು ತಿಂದದ್ದು ಒಂದು ಸ್ಯಾಂಡ್‌ವಿಚ್. ಆಮೇಲೆ ಕರೆದಾಗಲೆಲ್ಲ ನೆಪ ಹೇಳುತ್ತಿದ್ದೇನೆ. ಆಫೀಸ್ ಕೆಲಸ, ತಲೆನೋವು, ಜಾಸ್ತಿ ಸಲ ಅಮ್ಮನಿಗೆ ಹುಷಾರಿಲ್ಲ ಅಂತ. ಒಬ್ಬಳು ಹಣ್ಣು ಹಿಡಿದುಕೊಂಡು ಮನೆಗೇ ಬಂದುಬಿಟ್ಟಳು. ಅಮ್ಮ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು! ಹೇಗೋ ಸಂಭಾಳಿಸಿದೆ. ಕಳೆದ ವಾರ ನಾಲ್ವರೂ ಅದೇ ಹೊಳೆ ಬದಿಯಲ್ಲಿ ಗಾಳ ಹಿಡಿದು ನಿಂತ ಫೋಟೊ ಸ್ಟೇಟಸ್‌ನಲ್ಲಿ ಕಂಡಿತು. ನನಗೆ ಒಂದು ಮಾತೂ ಹೇಳಿರಲಿಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಗುಂಪು ಬಿಟ್ಟುಬಿಡಲಾ? ಅಥವಾ ಕ್ರೆಡಿಟ್ ಕಾರ್ಡ್ ಮಾಡಿಸಿ ಅವರ ಜೊತೆ ಓಡಾಡಲಾ? ಮುಂದಿನ ತಿಂಗಳು ಒಬ್ಬಳ ಹುಟ್ಟುಹಬ್ಬದ ಬ್ರಂಚ್ ಬೇರೆ ಇದೆ. ಉಡುಗೊರೆಗೆ ತಲಾ 2,000 ಹಾಕಬೇಕಂತೆ.
ಹೆಸರು ಬೇಡ, ಮಂಗಳೂರು

ಉತ್ತರ: ಅವರು ನಿಮ್ಮನ್ನು ಬಿಟ್ಟು ಬ್ರಂಚ್‌ಗೆ ಹೋಗಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ, ಅಲ್ವಾ? ಒಳಗೊಳಗೆ ಸಮಾಧಾನವೇ ಆಗುತ್ತಿತ್ತೇನೋ. ಆದರೆ ಹೋದದ್ದು ಗಾಳಕ್ಕೆ. ಅದು ನಿಮ್ಮ ಜಾಗ, ನಿಮ್ಮ ಅಪ್ಪ ಕೊಟ್ಟ ವಿದ್ಯೆ. ಅಲ್ಲಿ ನೀವೇ ಇಲ್ಲ ಅಂದರೆ ನಿದ್ದೆ ಕೆಡುವುದು ಸಹಜ. ಅಂದ ಹಾಗೆ, ಆ ಫೋಟೊದಲ್ಲಿ ಒಂದಾದರೂ ಮೀನು ಇತ್ತಾ? ನೀವು ಬರೆದಿಲ್ಲ. ಇರಲಿಕ್ಕಿಲ್ಲ ಅನ್ನುವುದು ನನ್ನ ಊಹೆ.

ಈಗ ಸ್ವಲ್ಪ ಅವರ ಕಡೆಯಿಂದ ನೋಡಿ. ತಿಂಗಳುಗಟ್ಟಲೆ ನಿಮ್ಮ ತಾಯಿಗೆ ಹುಷಾರಿಲ್ಲ. ವಿಚಾರಿಸಲು ಒಬ್ಬಳು ಮನೆಗೆ ಬಂದರೆ ಅವರು ಬಟ್ಟೆ ಒಣಗಿಸುತ್ತಿದ್ದಾರೆ. ಆ ಹುಡುಗಿ ಏನೆಂದುಕೊಳ್ಳಬೇಕು? ಕಾಯಿಲೆ ನಿಜ, ಪಾಪ, ಸುಮ್ನೆ ತೊಂದರೆ ಕೊಡುವುದು ಬೇಡ ಅಂದುಕೊಳ್ಳಬಹುದು. ಇಲ್ಲವಾದರೆ, ಇವಳಿಗೆ ನಮ್ಮ ಜೊತೆ ಬರಲು ಮನಸ್ಸಿಲ್ಲ, ಬಾಯಿಬಿಟ್ಟು ಹೇಳಲು ಸಂಕೋಚ ಅಂದುಕೊಳ್ಳಬಹುದು. ಎರಡರಲ್ಲಿ ಯಾವುದನ್ನು ನಂಬಿದರೂ ಮುಂದಿನ ಸಲ ನಿಮ್ಮನ್ನು ಕರೆಯದೆ ಇರುವುದೇ ಮರ್ಯಾದೆ ಅನ್ನಿಸುತ್ತದೆ. ದುಡ್ಡಿನ ವಿಷಯ ಅವರ ತಲೆಗೆ ಹೊಳೆಯಲು ನೀವು ಬಿಟ್ಟೇ ಇಲ್ಲ. ನಿಮ್ಮ ನೆಪ ಬೇಕಾದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ.

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ಯಾರಾದರೂ ನಿಮ್ಮ ಸಂಬಳ ಆಡಿಕೊಂಡರಾ, ಬಟ್ಟೆಬರೆ ನೋಡಿ ನಕ್ಕರಾ ಎಂದು ಹುಡುಕಿದೆ. ಅಂಥ ಒಂದು ಸಾಲೂ ಸಿಗಲಿಲ್ಲ. ಸಿಕ್ಕಿದ್ದು ಹಣ್ಣು ತಂದ ಗೆಳತಿ. ಅಂಥವಳಿರುವ ಗುಂಪನ್ನು ಬಿಡಬೇಡಿ.

ಕ್ರೆಡಿಟ್ ಕಾರ್ಡ್ ಮಾತು ಬೇಗ ಮುಗಿಸುತ್ತೇನೆ. ಬಹಳಷ್ಟು ಕಾರ್ಡ್‌ಗಳಲ್ಲಿ ಬಾಕಿ ಉಳಿಸಿದ ಹಣಕ್ಕೆ ತಿಂಗಳಿಗೆ ಶೇ 3ಕ್ಕಿಂತ ಜಾಸ್ತಿ ಬಡ್ಡಿ. ವರ್ಷಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕಪತ್ರ ನೋಡುವ ನಿಮಗೆ ನಾನು ಹೇಳಬೇಕೇ? ತಿಂದು ಮುಗಿದ ಸ್ಯಾಂಡ್‌ವಿಚ್‌ಗೆ ಬಡ್ಡಿ ಕಟ್ಟುವುದು ಬೇಡ.

ಮೊದಲು ಮಾಡಬೇಕಾದದ್ದು ಒಂದೇ. ಹಣ್ಣು ತಂದಳಲ್ಲ, ಅವಳನ್ನು ಭೇಟಿ ಮಾಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಉದ್ದ ಮೆಸೇಜ್ ಹಾಕಬೇಡಿ. ನಾಲ್ಕು ಜನ ಓದಿ, ಯಾರು ಮೊದಲು ಉತ್ತರಿಸಬೇಕು ಎಂದು ಒಬ್ಬರ ಮುಖ ಒಬ್ಬರು ನೋಡುವಂತಾಗುತ್ತದೆ. ಅವಳೊಬ್ಬಳಿಗೆ ನಿಮ್ಮದೇ ಭಾಷೆಯಲ್ಲಿ ಹೇಳಿ: "ಮಾರಾಯ್ತಿ, ಅಮ್ಮನಿಗೆ ಎಂತದೂ ಆಗಿರಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ. ಹೇಳ್ಲಿಕ್ಕೆ ನಾಚಿಕೆ ಆಯ್ತು." ಇಷ್ಟು ಸಾಕು. ಸಂಬಳ ಎಷ್ಟು, ಸಾಲ ಎಷ್ಟು ಎಂದು ವಿವರ ಬಿಚ್ಚಬೇಕಾಗಿಲ್ಲ. ಅವಳಿಗೆ ಸಿಟ್ಟು ಬರಬಹುದು. ಸುಳ್ಳು ಕಾಯಿಲೆಗೆ ಹಣ್ಣು ತಂದವಳಿಗೆ ಅಷ್ಟು ಹಕ್ಕಿದೆ, ಬೈಸಿಕೊಳ್ಳಿ. ಉಳಿದ ಮೂವರಿಗೆ ಸುದ್ದಿ ಅವಳಿಂದಲೇ ತಲುಪಿದರೂ ಪರವಾಗಿಲ್ಲ.

ಅವಳು "ನಿನ್ನ ಪಾಲು ನಾನು ಕೊಡ್ತೇನೆ" ಅನ್ನುವ ಸಾಧ್ಯತೆ ಇದೆ. ಯಾವತ್ತೋ ಒಂದು ದಿನ ಪ್ರೀತಿಯಿಂದ ಕೊಡಿಸಿದರೆ ಒಪ್ಪಿಕೊಳ್ಳಿ, ಬಿಗುಮಾನ ಬೇಡ. ಪ್ರತಿ ವಾರದ ರೂಢಿ ಆಗಲು ಮಾತ್ರ ಬಿಡಬೇಡಿ. ಆಗ ಮೆನು ಕೈಗೆ ಬಂದಾಗ ನೀವು ಬಲಗಡೆಯ ರೇಟು ಮಾತ್ರ ಓದಲು ಶುರು ಮಾಡುತ್ತೀರಿ.

ಸ್ಯಾಂಡ್‌ವಿಚ್‌ಗೆ 1,400 ಕೊಟ್ಟಿರಲ್ಲ, ಅಲ್ಲಿ ತಪ್ಪು ಬ್ರಂಚಿನದಲ್ಲ, ಸಮಪಾಲಿನದು. ಒಬ್ಬಳು ಸಿಗಡಿ ತಿಂದು ಬಿಯರ್ ಕುಡಿದು, ಇನ್ನೊಬ್ಬಳು ನೀರು ಕುಡಿದು, ಕೊನೆಗೆ ಐದರಿಂದ ಭಾಗಿಸಿದರೆ ಅದೆಂಥ ನ್ಯಾಯ! ಆರ್ಡರ್ ಕೊಡುವ ಮುಂಚೆಯೇ "ನಂದು ಬೇರೆ ಬಿಲ್ ಮಾಡಿ" ಎಂದು ನಗುತ್ತಾ ಹೇಳಿಬಿಡಿ. ಬಿಲ್ ಬಂದ ಮೇಲೆ ಹೇಳಿದರೆ ಜಗಳದ ಹಾಗೆ ಕೇಳಿಸುತ್ತದೆ. ಹಾಗೇ, ಬಿಲ್ಲಿನ ಕೆಳಗೆ ಸೇವಾ ಶುಲ್ಕ ಎಂದು ಸೇರಿಸಿದ್ದಾರಾ ನೋಡಿ. ಅದು ಕಡ್ಡಾಯ ಅಲ್ಲ. ತಾನಾಗಿ ಬಿಲ್‌ಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ತೆಗೆಯಿರಿ ಅಂದರೆ ತೆಗೆಯಬೇಕು. ಲೆಕ್ಕ ಗೊತ್ತಿರುವ ಗೆಳತಿ ಮೇಜಿನಲ್ಲಿದ್ದರೆ ಹೆಚ್ಚು ಸಂಬಳದವರಿಗೂ ಲಾಭವೇ.

ಸಿನಿಮಾಕ್ಕೂ ಅಷ್ಟೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗಿಂತ ಜಾಸ್ತಿ ಟಿಕೆಟ್ ದರ ಇಡಬಾರದು ಎಂದು ನಿಯಮ ತಂದಾಗ ನಿಮ್ಮಂಥವರು ಎಷ್ಟೋ ಜನ ಖುಷಿಪಟ್ಟಿರಬೇಕು. ಅದೇ ತಿಂಗಳು ಕರ್ನಾಟಕ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಬೆಳಗಿನ ಆಟ, ಕೌಂಟರಿನಲ್ಲೇ ಟಿಕೆಟ್. ಪಾಪ್‌ಕಾರ್ನ್ ಬೇಡ ಅಂದರೆ ಯಾರೂ ಕಾರಣ ಕೇಳುವುದಿಲ್ಲ.

ಒಂದು ವಿಷಯದಲ್ಲಿ ನಾನು ನಿಮ್ಮ ಪಕ್ಷದಲ್ಲಿಲ್ಲ. ಆ ಇಬ್ಬರು ಬಂದ ಮೇಲೆ ಎಲ್ಲ ಕೆಟ್ಟಿತು ಎಂಬ ಧಾಟಿ ನಿಮ್ಮ ಪತ್ರದಲ್ಲಿದೆ. ವಾರವಿಡೀ ಒಂದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ, ಮದುವೆ ಯಾವಾಗ ಎಂದು ಕೇಳುವ ಮನೆಯವರಿಂದ ಎರಡು ಗಂಟೆ ತಪ್ಪಿಸಿಕೊಳ್ಳಲು ಕೆಫೆ ಒಂದು ಜಾಗ. ಅವರು ದುಡ್ಡು ತೋರಿಸಲು ಹೋಗುತ್ತಾರೆ ಎಂದು ಯಾಕೆ ಅಂದುಕೊಳ್ಳಬೇಕು? ಅದೂ ಅಲ್ಲದೆ, ಪ್ಲಾನ್ ಹಾಕುವವರು ಅವರೊಬ್ಬರೇ ಆದಾಗ ಪ್ಲಾನ್ ಅವರ ಜೇಬಿಗೆ ತಕ್ಕ ಹಾಗೇ ಇರುತ್ತದೆ. ನೀವು ಕೊನೆಯ ಸಲ "ಈ ಭಾನುವಾರ ಇಲ್ಲಿಗೆ ಹೋಗುವ" ಅಂದದ್ದು ಯಾವಾಗ? ಪತ್ರದಲ್ಲಿ ಅವರು ಕರೆದದ್ದು ಇದೆ, ನೀವು ಬೇಡ ಅಂದದ್ದು ಇದೆ. ನೀವು ಕರೆದದ್ದು ಎಲ್ಲೂ ಇಲ್ಲ.

ಕರೆಯಿರಿ. ನಾಲ್ವರೂ ಗಾಳ ಹಿಡಿದು ಹೋಗಿದ್ದಾರೆ ಅಂದರೆ ಹೊಳೆಯ ಆಸೆ ಅವರಿಗೂ ಹೋಗಿಲ್ಲ. ನಿಮ್ಮ ಹೊಳೆ ಅಳಿವೆಗೆ, ಅಂದರೆ ಸಮುದ್ರ ಸೇರುವ ಜಾಗಕ್ಕೆ ಹತ್ತಿರ, ಉಬ್ಬರಕ್ಕೆ ಉಪ್ಪುನೀರು ಏರಿ ಬರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಕಳೆದ ಭಾನುವಾರದ ಟೈಮು ಈ ಭಾನುವಾರಕ್ಕೆ ನಡೆಯುವುದಿಲ್ಲ ಎನ್ನುವುದು ನಿಮಗೆ ಗೊತ್ತು, ಅವರಿಗೆ ಗೊತ್ತಿರಲಿಕ್ಕಿಲ್ಲ. ನೀರು ನೋಡಿ ಹೊತ್ತು ಗೊತ್ತು ಮಾಡುವುದು, ಸಿಗಡಿ ತರುವುದು ನಿಮ್ಮ ಕೆಲಸ. ಬನ್ಸ್, ಗೋಳಿಬಜೆ ಕಟ್ಟಿಸಿಕೊಂಡು ಬರುವುದು ಅವರದ್ದು. ನಾಲ್ಕು ಕಾಣೆ ಮೀನು ಸಿಕ್ಕಿದರೆ ಅಜ್ಜಿಮನೆಯಲ್ಲೇ ಫ್ರೈ. ಮಳೆಗಾಲದಲ್ಲಿ ಮಾತ್ರ ಬೇಡ, ಹೊಳೆ ಕೆಂಪಾಗಿ ತುಂಬಿ ಬರುವಾಗ ದಡದಲ್ಲಿ ನಿಲ್ಲುವ ಹಟ ಯಾರಿಗೂ ಬೇಡ.

ಗಾಳ ಒಂದೇ ಅಲ್ಲ. ದೀಪಾವಳಿ ಆದ ಮೇಲೆ ಮೇ ತಿಂಗಳ ಪತ್ತನಾಜೆವರೆಗೆ ಊರೂರಲ್ಲಿ ಹರಕೆಯ ಯಕ್ಷಗಾನ ಬಯಲಾಟ ಇರುತ್ತದೆ. ಅದಕ್ಕೆ ಟಿಕೆಟ್ಟೇ ಇಲ್ಲ. ವೇಷ ಕಟ್ಟುವ ಚೌಕಿಗೆ ಇಣುಕಿ ಬಣ್ಣ ಹಚ್ಚುವುದನ್ನು ನೋಡಿ, ಚರುಂಬುರಿ ಪೊಟ್ಟಣ ಹಿಡಿದು ಕೂತರೆ ಮುಗಿಯಿತು. ಚಳಿಗಾಲದ ಶನಿವಾರ, ಭಾನುವಾರಗಳಲ್ಲಿ ಕಂಬಳ ಉಂಟು. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ಇದನ್ನೆಲ್ಲ ಮೊಬೈಲಿನಲ್ಲಿ ನೋಡುತ್ತಿದ್ದವರು, ಕರೆದರೆ ಬರುವುದಿಲ್ಲ ಎನ್ನುತ್ತೀರಾ? ನಾಲ್ವರೂ ಬರಲಿಕ್ಕಿಲ್ಲ. ಇಬ್ಬರು ಬಂದರೂ ಹೋಗಿ. ಐವರೂ ಸೇರಿದರೆ ಮಾತ್ರ ಭಾನುವಾರ ಎಂದು ಕಟ್ಟಿಕೊಂಡರೆ ಒಬ್ಬೊಬ್ಬರಿಗೂ ಮದುವೆ, ಮಗು ಆದ ಹಾಗೆ ಭಾನುವಾರವೇ ಇಲ್ಲದಂತಾಗುತ್ತದೆ. ಬ್ರಂಚ್‌ನ ವಾರ ಬಂದರೆ ಊಟ ಮನೆಯಲ್ಲೇ ಮುಗಿಸಿ, ಕೊನೆಯ ಅರ್ಧ ಗಂಟೆಗೆ ಹೋಗಿ ಒಂದು ಕಾಫಿ ಕುಡಿಯಿರಿ. ಹರಟೆ ರಂಗೇರುವುದು ಹೇಗೂ ಪ್ಲೇಟು ತೆಗೆದ ಮೇಲೆಯೇ.

ಇನ್ನು ಹುಟ್ಟುಹಬ್ಬ. ಅದಕ್ಕೆ ಊಟದ ಹೊತ್ತಿಗೇ ಹೋಗಿ, ನಿಮಗೆ ಕೈಗೆಟಕುವ ಒಂದು ತಿಂಡಿ ಹೇಳಿ, ಬೇರೆ ಬಿಲ್ ಮಾಡಿಸಿ. ಉಡುಗೊರೆಗೆ ತಲಾ 2,000 ಎಂದು ಗುಂಪಿನಲ್ಲಿ ಬಂದಿದೆಯಲ್ಲ, ಅದಕ್ಕೆ ಕೊನೆಯ ದಿನದವರೆಗೆ ಸುಮ್ಮನಿರಬೇಡಿ. ಅವರು ಲೆಕ್ಕ ಹಾಕಿ ದೊಡ್ಡ ವಸ್ತು ಕೊಂಡ ಮೇಲೆ ಹೇಳುವುದು ಕಷ್ಟ. ಹಣ್ಣು ತಂದವಳ ಹತ್ತಿರ ಮಾತಾಡಿದ ದಿನವೇ ಗುಂಪಿನಲ್ಲಿ ಒಂದು ಸಾಲು ಹಾಕಿ: "ನನ್ನಿಂದ 500 ಆಗ್ತದೆ, ಅಷ್ಟು ಸೇರಿಸಿಕೊಳ್ಳಿ."