ಮನೆಯಲ್ಲಿ ಹಾಡು ರೆಕಾರ್ಡ್ ಮಾಡಿದರೆ ಬಾತ್‌ರೂಮಿನಲ್ಲಿ ಹಾಡಿದ ಹಾಗೆ ಯಾಕೆ ಕೇಳುತ್ತದೆ?

ತಪ್ಪು ಮೈಕಿನದ್ದಲ್ಲ, ಕೋಣೆಯದ್ದು. ಬರಿಗೋಡೆ, ಟೈಲ್ಸ್ ನೆಲಕ್ಕೆ ಬಡಿದು ವಾಪಸ್ ಬರುವ ದನಿಯೂ ಮೈಕಿಗೆ ಸೇರಿಕೊಳ್ಳುತ್ತದೆ. ಮೈಕಿನಿಂದ ಎರಡು ಪಟ್ಟು ದೂರ ಹೋದರೆ ಬಾಯಿಂದ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಯ ಮರುದನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ಒಂದು ಗೇಣು ದೂರದಲ್ಲಿ ನಿಂತು ಹಾಡಿ. 'ಪ', 'ಭ' ಅಂದಾಗ ಉಸಿರು ಧಪ್ ಅಂತ ಬಡಿಯುತ್ತದೆ ಅಲ್ವಾ, ಆಗ ಮೈಕನ್ನು ಸ್ವಲ್ಪ ಓರೆ ಮಾಡಿ.

ಇನ್ನೊಂದು, ಹಾಡುವ ಮೈಕುಗಳು ಸಾಮಾನ್ಯವಾಗಿ ಎದುರಿನಿಂದ ಬರುವ ಸದ್ದನ್ನೇ ಜಾಸ್ತಿ ಹಿಡಿಯುತ್ತವೆ. ಹಾಗಾಗಿ ದಪ್ಪ ರಜಾಯಿಯನ್ನು ಮೈಕಿನ ಹಿಂದಲ್ಲ, ನಿಮ್ಮ ಬೆನ್ನ ಹಿಂದೆ ತೂಗುಹಾಕಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ನಿಂತರೂ ಆಯಿತು. ಹೊಸ ಮೈಕಿಗೆ ಸುಮ್ನೆ ದುಡ್ಡು ಹಾಕಬೇಡಿ, ಮೊದಲು ಇದನ್ನು ಮಾಡಿ ನೋಡಿ.