ಬ್ಯೂನಸ್ ಐರಿಸ್‌ನಲ್ಲಿ ಒಂದು ಮ್ಯಾಚ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಂದಿನ ತಿಂಗಳು ಕೆಲ್ಸದ ಮೇಲೆ ಬ್ಯೂನಸ್ ಐರಿಸ್‌ಗೆ ಹೋಗ್ತಿದೀನಿ, ಒಂದು ವೀಕೆಂಡ್ ಫ್ರೀ ಇದೆ. ಬೋಕಾ ಜೂನಿಯರ್ಸ್ ಕ್ಲಬ್ಬಿನ ಫುಟ್‌ಬಾಲ್ ಮ್ಯಾಚ್ ನೋಡ್ಬೇಕು ಅನ್ನೋದು ಚಿಕ್ಕಂದಿನ ಆಸೆ, ಮರಡೋನಾ ಆಡಿದ ಜಾಗ ಅಲ್ವಾ. ಆದ್ರೆ ಟೂರಿಸ್ಟ್‌ಗೆ ಟಿಕೆಟ್ ಸಿಗಲ್ಲ, ಗಲಾಟೆ ಆಗುತ್ತೆ ಅಂತ ಎಲ್ರೂ ಹೆದರಿಸ್ತಿದಾರೆ. ಹೋಗ್ಲಾ ಬೇಡ್ವಾ?

ಉತ್ತರ: ಮ್ಯಾಚ್‌ಗೆ ಖಂಡಿತ ಹೋಗಿ. ಬೋಕಾ ಮ್ಯಾಚೇ ಆಗ್ಬೇಕು ಅನ್ನೋ ಹಟ ಮಾತ್ರ ಸ್ವಲ್ಪ ಸಡಿಲ ಮಾಡ್ಕೊಳ್ಳಿ.

ಯಾಕೆ ಅಂದ್ರೆ ಟಿಕೆಟ್ ವಿಷ್ಯ ನಿಜ. ಬೋಕಾಗೆ ಲಕ್ಷಗಟ್ಟಲೆ ಸದಸ್ಯರಿದಾರೆ, ಅಲ್ಲಿ ಅವ್ರನ್ನ ಸೋಸಿಯೋ ಅಂತಾರೆ, ಬೊಂಬೊನೆರಾ ಅನ್ನೋ ಅವ್ರ ಸ್ಟೇಡಿಯಂನಲ್ಲಿ ಹಿಡಿಸೋದು 50,000ಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ದುಡ್ಡು ಕಟ್ಟಿದ ಸದಸ್ಯರಿಗೇ ಎಲ್ರಿಗೂ ಜಾಗ ಇಲ್ಲ, ಇನ್ನು ನಾವು ನೀವು ಹೋಗಿ ಕೌಂಟರ್‌ನಲ್ಲಿ ಕೇಳಿದ್ರೆ ಎಲ್ಲಿ ಸಿಗುತ್ತೆ? ಅದಕ್ಕೇ ಕೆಲವು ಏಜೆಂಟ್‌ಗಳು ಯಾರದೋ ಸದಸ್ಯರ ಕಾರ್ಡನ್ನ ಒಂದಿನದ ಮಟ್ಟಿಗೆ ಬಾಡಿಗೆಗೆ ಕೊಡ್ತಾರೆ. ನಾನೂ ಹಾಗೇ ಹೋದೆ. ಗೇಟ್‌ನಲ್ಲಿ ಪಾಸ್‌ಪೋರ್ಟ್ ಕೇಳಿದ್ರು, ಕಾರ್ಡಲ್ಲಿದ್ದ ಹೆಸ್ರು ಬೇರೆ, ಕಾರ್ಡ್ ಇಸ್ಕೊಂಡು ಪಕ್ಕಕ್ಕೆ ನಿಲ್ಲಿಸಿದ್ರು, ಕಟ್ಟಿದ ದುಡ್ಡು ಹೋಯ್ತು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಹೊರಗೆ ರಸ್ತೆಲಿ ನಿಂತು ಒಳಗಿನ ಸದ್ದು ಕೇಳಿಸ್ಕೊಂಡಾಗ. ಡ್ರಮ್ ಸದ್ದು, ತುತ್ತೂರಿ, ಸಾವಿರಾರು ಗಂಟಲು ಒಟ್ಟಿಗೆ. ‘ಬೊಂಬೊನೆರಾ ನಡುಗಲ್ಲ, ಅದರ ಎದೆ ಬಡ್ಕೊಳ್ಳುತ್ತೆ’ ಅಂತ ಬೋಕಾ ಜನ ಹೇಳ್ತಾರಲ್ಲ, ಗೋಡೆ ಆಚೆ ನಿಂತವ್ನಿಗೂ ಅದು ಗೊತ್ತಾಗುತ್ತೆ. 1940ರಲ್ಲಿ ಶುರುವಾದ ಸ್ಟೇಡಿಯಂ, ಜಾಗ ಸಾಲ್ದೆ ಗ್ಯಾಲರಿಗಳನ್ನ ಕಡಿದಾಗಿ ಮೇಲಕ್ಕೆ ಮೇಲಕ್ಕೆ ಕಟ್ಟಿದಾರೆ, ಚಾಕೊಲೇಟ್ ಡಬ್ಬಿ ಥರ ಇದೆ ಅಂತಾನೇ ಆ ಹೆಸ್ರು, ಸದ್ದು ಆಚೆ ಚೆದುರದೆ ಒಳಗೇ ಸುತ್ತುತ್ತೆ.

ಈಗ ಮರಡೋನಾ ವಿಷ್ಯಕ್ಕೆ ಬರೋಣ. ಅವ್ರು ಬೋಕಾ ಸೇರಿದ್ದು 1981ರಲ್ಲಿ. ಅದಕ್ಕೂ ಮೊದ್ಲು ಅರ್ಜೆಂಟಿನೋಸ್ ಜೂನಿಯರ್ಸ್ ಅನ್ನೋ ಕ್ಲಬ್ಬಲ್ಲಿದ್ರು, ಲಾ ಪಟೆರ್ನಾಲ್ ಬಡಾವಣೆಲಿ. 1976ರ ಅಕ್ಟೋಬರ್ 20, ಹದಿನಾರು ತುಂಬೋಕೆ ಇನ್ನೂ ಹತ್ತು ದಿನ ಬಾಕಿ, ಹುಡುಗ ಅವತ್ತು ಮೊದಲ ಸಲ ದೊಡ್ಡವ್ರ ಲೀಗ್‌ನಲ್ಲಿ ಮೈದಾನಕ್ಕಿಳಿದ. ಆ ಜಾಗದ ಸ್ಟೇಡಿಯಂಗೆ ಈಗ ಅವ್ರದೇ ಹೆಸ್ರು. ನಿಮ್ಮ ಆಸೆಗೆ ಇದಕ್ಕಿಂತ ಹತ್ರದ ಜಾಗ ಇನ್ನೊಂದಿಲ್ಲ ಅನ್ಸುತ್ತೆ ನಂಗೆ. ಬೋಕಾ ಗೇಟಿಂದ ವಾಪಸ್ ಬಂದ ಅದೇ ವಾರ ನಾನು ಅಲ್ಲಿಗೆ ಹೋದೆ. ಚಿಕ್ಕ ಸ್ಟೇಡಿಯಂ, ಸುತ್ತ ಮನೆಗಳು, ಅಜ್ಜ ಮೊಮ್ಮಗಳು ಕೈ ಹಿಡ್ಕೊಂಡು ನಡ್ಕೊಂಡು ಬರ್ತಾರೆ. ಅವತ್ತು ಅವ್ರ ಟೀಮ್ ಫಸ್ಟ್ ಹಾಫ್‌ನಲ್ಲೇ ಎರಡು ಗೋಲ್ ಬಿಟ್ಕೊಡ್ತು, ಜನ ಸುಮ್ನಾಗ್ತಾರೇನೋ ಅಂದ್ಕೊಂಡ್ರೆ ಹಾಡು ಇನ್ನೂ ಜೋರಾಯ್ತು, ನನ್ನ ಪಕ್ಕ ಇದ್ದ ವಯಸ್ಸಾದ ಹೆಂಗಸು ಕಣ್ಣೊರೆಸ್ಕೊಳ್ತಾನೇ ಹಾಡ್ತಿದ್ರು. ಅಲ್ಲಿ ಗೆದ್ದಾಗ ಕೂಗೋದು ದೊಡ್ಡದಲ್ಲ, ಸೋಲ್ತಿರುವಾಗ ನಿಲ್ಲಿಸದೆ ಹಾಡೋದೇ ನಿಯತ್ತು. ಅದನ್ನ ನೋಡಿ ಬನ್ನಿ.

ಬೊಂಬೊನೆರಾ ಪೂರ್ತಿ ಬಿಡ್ಬೇಡಿ, ಮ್ಯಾಚ್ ಇಲ್ಲದ ದಿನ ಅಲ್ಲಿನ ಬೋಕಾ ಮ್ಯೂಸಿಯಂಗೆ ಹೋದ್ರೆ ಸ್ಟೇಡಿಯಂ ಒಳಗೂ ಕರ್ಕೊಂಡು ಹೋಗ್ತಾರೆ.

ಪ್ರಶ್ನೆ: ಗಲಾಟೆ ಭಯ ಎಷ್ಟು ನಿಜ? ಹೆಂಡತಿ ಜೊತೆಗೆ ಬರ್ತಾಳೆ, ಏನು ಹಾಕ್ಕೊಂಡು ಹೋಗ್ಬೇಕು, ಎಲ್ಲಿ ಕೂರ್ಬೇಕು?

ಉತ್ತರ: ಭಯ ಸುಳ್ಳಲ್ಲ. 2013ರಲ್ಲಿ ಒಬ್ಬ ಅಭಿಮಾನಿ ಸತ್ತ ಮೇಲೆ ಲೀಗ್ ಮ್ಯಾಚ್‌ಗಳಿಗೆ ಎದುರು ಟೀಮಿನ ಅಭಿಮಾನಿಗಳನ್ನ ಬಿಡೋದನ್ನೇ ನಿಲ್ಲಿಸಿದ್ರು, ಅದಾದ್ಮೇಲೆ ಬಿಟ್ಟಿರೋದು ಅಪರೂಪಕ್ಕೆ. 2018ರಲ್ಲಿ ಬೋಕಾ ಬಸ್ ಮೇಲೆ ಕಲ್ಲು ಬಿದ್ದು ಬದ್ಧ ಎದುರಾಳಿ ರಿವರ್ ಪ್ಲೇಟ್ ಜೊತೆಗಿನ ಲಿಬೆರ್ಟಡೋರೆಸ್ (ದಕ್ಷಿಣ ಅಮೆರಿಕದ ಕ್ಲಬ್ಬುಗಳ ದೊಡ್ಡ ಕಪ್) ಫೈನಲ್ ಮ್ಯಾಡ್ರಿಡ್‌ಗೇ ಹೋಯ್ತು. ಹಾಗಾಗಿ ಮೊದಲ ಮ್ಯಾಚ್‌ಗೇ ಬೋಕಾ-ರಿವರ್ ಬೇಡ. ಗೋಲ್ ಹಿಂದೆ ನಿಂತು ನೋಡೋ ಜಾಗಕ್ಕೆ ಪಾಪ್ಯುಲರ್ ಅಂತಾರೆ, ಬಾರಾ ಬ್ರಾವಾ ಅನ್ನೋ ಗಲಾಟೆ ಅಭಿಮಾನಿ ಗುಂಪುಗಳು ಇರೋದು ಅಲ್ಲೇ, ನೀವಿಬ್ರೂ ಪ್ಲಾಟೇಯಾ ತಗೊಳ್ಳಿ, ಅದು ಸೀಟ್ ಇರೋ ಗ್ಯಾಲರಿ, ಕುಟುಂಬಗಳು ಅಲ್ಲೇ ಕೂರ್ತವೆ.

ಬಟ್ಟೆ ಸಾದಾ ಇರ್ಲಿ, ಯಾವ ಕ್ಲಬ್ ಜೆರ್ಸಿನೂ ಬೇಡ. ಬೋಕಾ ಇರೋ ಬಡಾವಣೆಲಿ ಕೆಂಪು-ಬಿಳಿ ಹಾಕ್ಬೇಡಿ, ಅದು ರಿವರ್ ಬಣ್ಣ. ಲಾ ಪಟೆರ್ನಾಲ್‌ನಲ್ಲಿ ಕೆಂಪೇ ಮನೆ ಬಣ್ಣ, ಹಾಗಾಗಿ ಒಂದು ಕಡೆ ಸರಿ ಇದ್ದಿದ್ದು ಇನ್ನೊಂದು ಕಡೆ ತಪ್ಪಾಗುತ್ತೆ. ಒರಿಜಿನಲ್ ಪಾಸ್‌ಪೋರ್ಟ್ ಒಳಜೇಬಲ್ಲಿರ್ಲಿ, ದೊಡ್ಡ ಬ್ಯಾಗ್ ಬೇಡ.

ಪ್ರಶ್ನೆ: ಫೋನಲ್ಲಿ ವಿಡಿಯೋ ಮಾಡ್ಬಹುದಾ?

ಉತ್ತರ: ಮಾಡಿ, ಟೀಮ್ ಮೈದಾನಕ್ಕೆ ಬರುವಾಗ ಒಂದು. ಆಮೇಲೆ ಜೇಬಿಗೆ ಹಾಕಿ. ಬಾರಾ ಗುಂಪಿನವ್ರ ಮುಖಕ್ಕೆ ಮಾತ್ರ ಕ್ಯಾಮೆರಾ ಹಿಡೀಬೇಡಿ, ಅವ್ರಿಗೆ ಇಷ್ಟ ಆಗಲ್ಲ. ಹಾಡಿನ ಪದ ಗೊತ್ತಿಲ್ದಿದ್ರೂ ಚಪ್ಪಾಳೆ ತಟ್ಟಿ, ಪಕ್ಕದವ್ರೇ ಒಂದೊಂದು ಸಾಲು ಹೇಳ್ಕೊಡ್ತಾರೆ, ನಂಗೆ ಆ ಕಣ್ಣೊರೆಸ್ಕೊಳ್ತಿದ್ದ ಹೆಂಗಸು ಹೇಳ್ಕೊಟ್ರು.